ಗಡಿ ದಾಟಿದ ಮುಯ್ಯಾಳು

ಒಂದು ದೇಶದ ಜನ ತಮ್ಮ ಖರ್ಚಿನಲ್ಲಿ ಇನ್ನೊಂದು ದೇಶಕ್ಕೆ ಹೋಗಿ, ಕೂಲಿಯ ಅಪೇಕ್ಷೆಯಿಲ್ಲದೆ, ಅಲ್ಲಿನ ಬಡವರಿಗೋ ನಿರಾಶ್ರಿತರಿಗೋ ಮನೆ ಇಲ್ಲವೇ ಶಾಲೆ ಕಟ್ಟುವ ಕೆಲಸದಲ್ಲಿ ಕೆಲವು ವಾರ ದುಡಿಯುವ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಶ್ರಮಶಿಬಿರ ಎಂದು ಕರೆಯುತ್ತಾರೆ. ನೂರು ವರ್ಷಗಳ ಚರಿತ್ರೆಯುಳ್ಳ ಈ ವ್ಯವಸ್ಥೆ ರೂಪುಗೊಂಡದ್ದು ಯುರೋಪಿನಲ್ಲಾದರೂ ಅದರ ತಿರುಳು ಕನ್ನಡ ನಾಡಿಗೆ ಹೊಸದಲ್ಲ. ಒಬ್ಬರ ಮನೆಯ ನಾಟಿಗೋ ಕೊಯ್ಲಿಗೋ ಮಾಡು ಹೊದಿಸುವುದಕ್ಕೋ ಊರಿನವರು ಬಂದು ದುಡಿದರೆ, ಆ ಮನೆಯವರು ಸರದಿ ಬಂದಾಗ ಅವರ ಕೆಲಸಕ್ಕೆ ಹೋಗಿ ಋಣ ತೀರಿಸುವ ಪದ್ಧತಿ ಹಳ್ಳಿಗಾಡಿನಲ್ಲಿ ಮುಯ್ಯಾಳು ಎಂಬ ಹೆಸರಿನಿಂದ ಬಹುಕಾಲ ನಡೆದುಬಂದಿದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಕಾಲೇಜು ಮಕ್ಕಳ ಕೈಗೆ ಗುದ್ದಲಿ ಕೊಟ್ಟು ಶ್ರಮದಾನವನ್ನು ಮನೆಮಾತಾಗಿಸಿತು. ಆದರೆ ಮುಯ್ಯಾಳಿನಲ್ಲಿ ಕೊಟ್ಟವರು ಮತ್ತು ಪಡೆದವರು ಒಂದೇ ಊರಿನವರು, ಆದ್ದರಿಂದ ಕೊಡುಕೊಳೆ ಸಮನಾಗಿರುತ್ತದೆ. ಸಾವಿರಾರು ಮೈಲಿ ದೂರದಿಂದ ಬಂದು ಗೋಡೆ ಕಟ್ಟಿ ಮರಳಿ ಹೋಗುವವನಿಗೆ ಮುಯ್ಯಿ ತೀರಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕಿದ ಬೇರೆ ಬೇರೆ ಉತ್ತರಗಳೇ ಶ್ರಮಶಿಬಿರದ ಚರಿತ್ರೆಯಾಗಿವೆ.

ಮೊದಲ ಉತ್ತರವನ್ನು ಹುಡುಕಿದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ (1879–1945). ಅವರ ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ, ಫ್ರಾನ್ಸಿನ ವರ್ಡನ್ ಬಳಿಯ ಎಸ್ನೆ ಎಂಬ ಹಳ್ಳಿಗೆ 1920ರಲ್ಲಿ ಅವರು ಚಿಕ್ಕ ತಂಡವೊಂದನ್ನು ಕರೆದೊಯ್ದು, ಮರದ ತಾತ್ಕಾಲಿಕ ಮನೆಗಳನ್ನು ಕಟ್ಟುವ, ರಸ್ತೆ ಸರಿಪಡಿಸುವ ಕೆಲಸ ಹಿಡಿದರು. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರು ಬಂದು ಕಲ್ಲು ಹೊರುವುದೇ ಆ ಶಿಬಿರದ ಉದ್ದೇಶವಾಗಿತ್ತು. ಸ್ಥಳೀಯ ಆಡಳಿತಕ್ಕೆ ಅದೇ ಸಹನೆಯಾಗದೆ ಕೆಲವೇ ತಿಂಗಳಲ್ಲಿ ಕೆಲಸ ನಿಂತುಹೋಯಿತು. ಸೆರೆಸೋಲ್ ಮಾತ್ರ ಕೈಬಿಡಲಿಲ್ಲ. 1928ರಲ್ಲಿ, ರೈನ್ ನದಿಯ ಪ್ರವಾಹಕ್ಕೆ ತುತ್ತಾಗಿದ್ದ ಲೀಕ್ಟನ್‌ಸ್ಟೈನ್‌ನಲ್ಲಿ ಹೊಲಗದ್ದೆಗಳ ಮೇಲೆ ಕೂತಿದ್ದ ಕಲ್ಲುಮಣ್ಣನ್ನು ತೆಗೆಯಲು ಹಲವು ದೇಶಗಳಿಂದ ಏಳು ನೂರಕ್ಕೂ ಹೆಚ್ಚು ಜನ ಬಂದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿ, ಈ ಶಿಬಿರಗಳಿಂದ ಬೆಳೆದ ಸಂಸ್ಥೆ ಇಂದಿಗೂ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಶಾಖೆ ಹೊಂದಿದೆ.

ಭಾರತಕ್ಕೂ ಶ್ರಮಶಿಬಿರಕ್ಕೂ ನಂಟು ಬೆಳೆದದ್ದು ಭೂಕಂಪದಿಂದ. 1934ರ ಜನವರಿ 15ರಂದು ಉತ್ತರ ಬಿಹಾರ ನಡುಗಿದಾಗ ನೆಲದೊಳಗಿನ ಮರಳು ನೀರಿನೊಡನೆ ಉಕ್ಕಿ ಬಂದು ಗದ್ದೆಗಳನ್ನು ಮುಚ್ಚಿತು, ನೆಲದ ಮಟ್ಟವೇ ಏರುಪೇರಾಗಿ ಹಿಂದೆ ನೀರು ನಿಲ್ಲದಿದ್ದ ಊರುಗಳೂ ಮಳೆಗಾಲದಲ್ಲಿ ಮುಳುಗತೊಡಗಿದವು. ಹೀಗಾಗಿ ಬಿದ್ದ ಮನೆಯನ್ನು ಬಿದ್ದ ಜಾಗದಲ್ಲಿಯೇ ಎತ್ತಿ ನಿಲ್ಲಿಸುವುದು ಸಾಲದೆ, ಇಡೀ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಬೇಕಾಯಿತು. 1931ರಲ್ಲಿ ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಅವರನ್ನು ಕಂಡಿದ್ದ ಸೆರೆಸೋಲ್, ಬಾಬು ರಾಜೇಂದ್ರ ಪ್ರಸಾದರ ನೇತೃತ್ವದ ಪರಿಹಾರ ಸಮಿತಿಯ ಜೊತೆ ಸೇರಿ 1934ರಿಂದ 1937ರವರೆಗೆ ಮುಜಫ್ಫರ್‌ಪುರದ ಸುತ್ತಮುತ್ತ ಈ ಕೆಲಸ ಮಾಡಿದರು; ಹಾಗೆ ಎದ್ದ ಹೊಸ ಊರೊಂದಕ್ಕೆ ಶಾಂತಿಪುರ ಎಂದು ಹೆಸರಾಯಿತು. ಯುರೋಪಿನಿಂದ ಬಂದವರು ಬೆರಳೆಣಿಕೆಯಷ್ಟು, ಹಳ್ಳಿಯವರು ನೂರಾರು. ಈ ಲೆಕ್ಕದಲ್ಲಿಯೇ ಆ ಪ್ರಯೋಗದ ಗೌರವವಿದೆ, ಏಕೆಂದರೆ ಅಲ್ಲಿ ಬಿಳಿಯರು ಆಳುವವರಾಗಿ ಬರದೆ ಆಳುಗಳಾಗಿ ಬಂದಿದ್ದರು.

ಮುಯ್ಯಿಯ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಅಮೆರಿಕದಿಂದ ಬಂತು. ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಜಾರ್ಜಿಯಾ ರಾಜ್ಯದಲ್ಲಿ 1976ರಲ್ಲಿ ಕಟ್ಟಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ಮನೆಯನ್ನು ದಾನವಾಗಿ ಕೊಡಬಾರದೆಂಬ ನಿಯಮವಿಟ್ಟುಕೊಂಡಿತು. ಮನೆ ಪಡೆಯುವ ಕುಟುಂಬ ತನ್ನ ಮನೆಗೂ ನೆರೆಯವರ ಮನೆಗೂ ಇಷ್ಟು ಗಂಟೆ ದುಡಿಯಬೇಕು, ಇದಕ್ಕೆ ಬೆವರಿನ ಪಾಲು ಎಂದು ಹೆಸರು. ಉಳಿದ ವೆಚ್ಚವನ್ನು ಲಾಭವಿಲ್ಲದ ಸಾಲವಾಗಿ ಕಂತುಗಳಲ್ಲಿ ತೀರಿಸಬೇಕು, ಆ ಕಂತಿನ ಹಣ ಮುಂದಿನ ಮನೆಗೆ ಅಡಿಪಾಯವಾಗುತ್ತದೆ. ಸ್ವಯಂಸೇವಕನಿಗೆ ತೀರಿಸಲಾಗದ ಋಣ ಹೀಗೆ ಅಪರಿಚಿತ ಬಡವನೊಬ್ಬನ ಕಡೆಗೆ ಹರಿಯುತ್ತದೆ ಎಂಬುದು ಈ ವ್ಯವಸ್ಥೆಯ ಸೊಗಸು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಪ್ರತಿವರ್ಷ ಸುತ್ತಿಗೆ ಹಿಡಿದು ಈ ಕೆಲಸಕ್ಕೆ ನಿಂತರು. 2006ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಪುಣೆ ಸಮೀಪದ ಲೋನಾವಳ ಬಳಿಯ ಮಳವಲಿಯಲ್ಲಿ ದೇಶವಿದೇಶದ ಸ್ವಯಂಸೇವಕರೊಡನೆ ಒಂದೇ ವಾರದಲ್ಲಿ ನೂರು ಮನೆಗಳನ್ನು ಎಬ್ಬಿಸುವ ಕೆಲಸದಲ್ಲಿ ಪಾಲ್ಗೊಂಡರು. ಅವರ ತಾಯಿ ಲಿಲಿಯನ್ ಕಾರ್ಟರ್ ಅದಕ್ಕೂ ನಾಲ್ಕು ದಶಕ ಮೊದಲೇ, 68ರ ವಯಸ್ಸಿನಲ್ಲಿ, ಅಮೆರಿಕ ಸರ್ಕಾರದ ಪೀಸ್ ಕೋರ್ ಯೋಜನೆಯ ಸ್ವಯಂಸೇವಕಿಯಾಗಿ ಮುಂಬಯಿಯ ವಿಕ್ರೋಳಿಯಲ್ಲಿ ದಾದಿಯ ಕೆಲಸ ಮಾಡಿದ್ದರು.

ಕರ್ನಾಟಕದಲ್ಲಿ ಪರದೇಶದ ನೆರವೂ ನೆಲೆ ಕಳೆದುಕೊಂಡವರ ದುಡಿಮೆಯೂ ಕೂಡಿ ಊರುಗಳನ್ನೇ ಕಟ್ಟಿದ ನಿದರ್ಶನವೆಂದರೆ ಟಿಬೆಟನ್ ನೆಲೆಗಳು. ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯನ್ನು 1960ರ ದಶಕದ ಆರಂಭದಲ್ಲಿ ಟಿಬೆಟನ್ನರೇ ಕಡಿದು ಹಸನು ಮಾಡಿದರು. ಬಿದಿರು ಗುಡಿಸಲಿನಲ್ಲಿ ಕಾಲ ಕಳೆಯುತ್ತ ಮೆಕ್ಕೆಜೋಳ ಬೆಳೆದರು, ಮನೆ ಶಾಲೆಗಳು ಅವರ ಕಣ್ಣೆದುರಿನಲ್ಲಿಯೇ ಮೇಲೆದ್ದವು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ಇಂಥ ನೆಲೆಗಳಾದವು. ಈ ಪುನರ್ವಸತಿಗೆಂದೇ ಕ್ಯಾಪ್ಟನ್ ವಿಲಿಯಂ ಡೇವಿನ್ಸನ್ 1968ರಲ್ಲಿ ಸ್ಥಾಪಿಸಿದ ಮೈರಾಡ ಸಂಸ್ಥೆ ಇಂದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದು, ಮಹಿಳೆಯರ ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಚ್ಚು ಪರಿಚಿತವಾಗಿದೆ. ಹಣ ಹೊರಗಿನಿಂದ ಬಂದರೂ ಕಾಡು ಕಡಿದ ಕೈಗಳು ಅಲ್ಲಿ ಬಾಳಬೇಕಾದವರವೇ ಆಗಿದ್ದವು ಎಂಬುದನ್ನು ಬೈಲುಕುಪ್ಪೆಯ ಗಟ್ಟಿತನಕ್ಕೆ ಮುಖ್ಯ ಕಾರಣವೆಂದು ಎಣಿಸಬೇಕು.

ಇದಕ್ಕೆ ವಿರುದ್ಧವಾದ ಅನುಭವವೂ ನಾಡಿನಲ್ಲಿ ಆಗಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ದಾನಿಗಳ ನೆರವಿನಿಂದ ಕಟ್ಟಿದ ಮನೆಗಳಲ್ಲಿ ಹಲವು ಖಾಲಿ ಬಿದ್ದದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ದನ ಕಟ್ಟಲು ಜಾಗವಿಲ್ಲದ, ಕಾಳುಕಡಿ ಇಡಲು ಎಡೆಯಿಲ್ಲದ, ಹೊಲದಿಂದ ದೂರವಾದ ಮನೆ ರೈತನಿಗೆ ಒಗ್ಗುವುದಿಲ್ಲ. ಪರದೇಶಕ್ಕೆ ಹೋಗಿ ಕಟ್ಟುವ ಉತ್ಸಾಹದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಎರಡು ವಾರದ ಪ್ರವಾಸದ ವಿಮಾನ ಟಿಕೆಟ್ಟಿನ ಹಣದಲ್ಲಿ ಊರಿನ ಗಾರೆಯವರಿಗೆ ತಿಂಗಳುಗಟ್ಟಲೆ ಕೂಲಿ ಕೊಡಬಹುದಾದಾಗ, ಕರಣೆ ಹಿಡಿಯಲು ಬಾರದವರು ಬಂದು ಅವರ ಕೆಲಸ ಕಿತ್ತುಕೊಳ್ಳುವುದು ಸೇವೆಯೆನಿಸುವುದಿಲ್ಲ. ಕಟ್ಟುವವನ ಅಭಿಮಾನವನ್ನು ಕನ್ನಡದ ಶರಣ ಪರಂಪರೆ ಬಹಳ ಹಿಂದೆಯೇ ಪರೀಕ್ಷೆಗೆ ಒಡ್ಡಿತ್ತು: ಸೊನ್ನಲಿಗೆಯಲ್ಲಿ, ಇಂದಿನ ಸೊಲ್ಲಾಪುರದಲ್ಲಿ, ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮ ಕೆರೆಯನ್ನು ಹಳಿಯಲಿಲ್ಲ. ಕಟ್ಟಿಸಿದವನು ನಾನು ಎಂಬ ಭಾವವನ್ನು ಕೆದಕಿದ.

ಆದ್ದರಿಂದ ಒಳ್ಳೆಯ ಶ್ರಮಶಿಬಿರಗಳಲ್ಲಿ ಮೇಸ್ತ್ರಿಯ ಮಾತೇ ಕೊನೆಯ ಮಾತು. ಬಂದವರು ಎಷ್ಟೇ ಓದಿದವರಾದರೂ ಅವನ ಕೈಯಾಳುಗಳು. ಬೆಂಗಳೂರಿನ ಪಶ್ಚಿಮ ಭಾಗದ ಹೊಸಹಳ್ಳಿಯಲ್ಲಿ ವಾಸಿಸುವವರಿಗೆ ಮೇಸ್ತ್ರಿಯ ವಿದ್ಯೆಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ವಿಜಯನಗರದೊಳಗೆ ಬೆರೆತುಹೋಗಿರುವ ಈ ಬಡಾವಣೆಯಲ್ಲಿ ಹಳೆಯ ಮನೆ ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಏರಿಸುವ ಕೆಲಸ ನಿಂತಿದ್ದೇ ಇಲ್ಲ, ಮತ್ತು ಬೆಂಗಳೂರಿನ ಇಂಥ ಕೆಲಸಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಶೆಡ್ಡಿನಲ್ಲಿ ಬಿಡಾರ ಹೂಡಿದವರು ಬಹುಮಂದಿ. ಇಟ್ಟಿಗೆಯನ್ನು ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೇ ಹೀರಿ ಬೆಸುಗೆ ಸಡಿಲವಾಗುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲಸಿ, ಆಮೇಲೆ ನೀರು ಹಾಕಿ, ಗಟ್ಟಿಯಾಗುವ ಮೊದಲೇ ಬಾಂಡ್ಲಿಯಲ್ಲಿ ತುಂಬಿ ಕೈಯಿಂದ ಕೈಗೆ ದಾಟಿಸಬೇಕು. ಎರಡು ಮೂಲೆಗಳ ನಡುವೆ ದಾರ ಬಿಗಿದು, ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಹೊಸಬರಿಗೆ ಹುರುಪಿನಲ್ಲಿ ಒಂದೇ ದಿನ ಮಾಡಿನವರೆಗೂ ಏರಿಸಿಬಿಡುವ ಆಸೆ. ಹಸಿ ಗಾರೆ ಭಾರ ತಡೆಯದೆಂದು ಬಲ್ಲ ಮೇಸ್ತ್ರಿ ಐದಡಿಗೆ ಮುಂಚೆಯೇ ಕೆಲಸ ನಿಲ್ಲಿಸುತ್ತಾನೆ. ಮರುದಿನದಿಂದ ವಾರವಾದರೂ ನೀರುಣಿಸಬೇಕು, ಇದನ್ನು ಕ್ಯೂರಿಂಗ್ ಎನ್ನುತ್ತಾರೆ. ಶಿಬಿರದವರು ಹೊರಟುಹೋದ ಮೇಲೂ ಉಳಿಯುವ ಈ ಕೆಲಸವನ್ನು ಮನೆಯವರೇ ಮಾಡಬೇಕು, ಹಾಗಾಗಿ ಅವರು ಮೊದಲ ದಿನದಿಂದ ಜೊತೆಗಿರದಿದ್ದರೆ ಗೋಡೆಯೇ ಬಿರುಕು ಬಿಡುತ್ತದೆ.

ಇಂಥ ಕೂಡುದುಡಿಮೆಗೆ ಹೇಳಿಮಾಡಿಸಿದಂಥ ತಂತ್ರವೊಂದನ್ನು ಬೆಂಗಳೂರೇ ರೂಪಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಮಣ್ಣಿನ ಒತ್ತಿಟ್ಟಿಗೆಗೆ ಸುಡುವ ಭಟ್ಟಿ ಬೇಡ. ಮನೆಯ ಹತ್ತಿರದ ಮಣ್ಣನ್ನು ಜರಡಿ ಹಿಡಿದು, ತುಸು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ನೆರಳಿನಲ್ಲಿ ನೀರುಣಿಸಿದರೆ ಸಾಕು. ಮಣ್ಣು ಜರಡಿ ಹಿಡಿಯುವುದು, ಅಳೆದು ಹಾಕುವುದು, ಹಿಡಿ ಎಳೆಯುವುದು ಅರ್ಧ ದಿನದಲ್ಲಿ ಯಾರಿಗಾದರೂ ಕೈಹತ್ತುವ ಕೆಲಸ. ಕಲಿಯದ ಕೈಗಳಿಗೆ ಕರಣೆ ಕೊಡುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಗಾರೆಯವನ ಕೂಲಿಯೂ ಅವನಿಗೇ ಉಳಿಯುತ್ತದೆ, ಇಟ್ಟಿಗೆಯ ಖರ್ಚೂ ತಗ್ಗುತ್ತದೆ.

ಹೊರನಾಡಿಗೆ ಹೋಗಬಯಸುವ ಕನ್ನಡಿಗರಿಗೆ ಮೇಲೆ ಹೇಳಿದ ಸಂಸ್ಥೆಗಳಲ್ಲದೆ, ವಿಶ್ವಸಂಸ್ಥೆ 1970ರಲ್ಲಿ ಸ್ಥಾಪಿಸಿದ ಸ್ವಯಂಸೇವಕ ವಿಭಾಗವೂ ಇದೆ. ಅದು ನುರಿತವರನ್ನು ದೀರ್ಘಾವಧಿಗೆ ಕಳುಹಿಸುತ್ತದೆ. ಹೊರದೇಶದ ಯುವಜನರನ್ನು ಕರ್ನಾಟಕಕ್ಕೆ ಕರೆತರುವ ಸಂಸ್ಥೆಗಳಲ್ಲಿ ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾ ಹೆಸರಾದದ್ದು. ಯಾವ ಶಿಬಿರಕ್ಕೆ ಸೇರುವವರಾದರೂ ಹಣ ಕಟ್ಟುವ ಮೊದಲು ಕೆಲವು ವಿಷಯಗಳನ್ನು ಬಿಡಿಸಿ ಕೇಳಬೇಕು: ಈ ಕಟ್ಟಡ ಬೇಕೆಂದು ಕೇಳಿದವರು ಯಾರು, ನಕ್ಷೆ ಬರೆಯುವಾಗ ಮನೆಯ ಹೆಂಗಸರನ್ನು ಕೇಳಿದ್ದಾರೆಯೇ, ಊರಿನ ಮೇಸ್ತ್ರಿಗೆ ಪೂರ್ತಿ ಕೂಲಿ ಸಲ್ಲುತ್ತದೆಯೇ, ಶಾಲೆಯಾದರೆ ಮುಂದಿನ ಜೂನ್‌ನಲ್ಲಿ ಅಲ್ಲಿ ಪಾಠ ಹೇಳುವ ಮೇಷ್ಟ್ರು ಗೊತ್ತಾಗಿದ್ದಾರೆಯೇ. ಇವಕ್ಕೆ ತಡವರಿಸದೆ ಉತ್ತರ ಕೊಡುವ ಸಂಸ್ಥೆಯ ಜೊತೆ ನಿಶ್ಚಿಂತೆಯಿಂದ ಹೊರಡಬಹುದು.