ಹೋಂಸ್ಟೇ ನಡೆಸುವ ಜಮೀನುದಾರರ ಗುರುತು ಪರಿಶೀಲನೆ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟದವರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ತಮ್ಮ ಮನೆಯ ಕೆಲವು ಕೋಣೆಗಳನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುತ್ತ ಬಂದಿರುವುದು ಗ್ರಾಮ ಪ್ರಮುಖರಿಗೆ ತಿಳಿದ ವಿಷಯವೇ ಆಗಿದೆ. ಬೆಳೆಯ ಧಾರಣೆ ಇಳಿದ ವರ್ಷದಲ್ಲಿ ಈ ವರಮಾನವು ಕುಟುಂಬಕ್ಕೆ ಆಸರೆಯಾಗುವುದುಂಟು. ಇಂಥ ಅತಿಥಿಗಳ ಪೈಕಿ ಬಹುಮಂದಿ ಅಂತರ್ಜಾಲದ ಸಂಸ್ಥೆಗಳ ಮೂಲಕ ಕೋಣೆಯನ್ನು ಗೊತ್ತುಮಾಡಿಕೊಂಡು ಬರುತ್ತಾರೆ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಾಪಿತವಾದ ಏರ್‌ಬಿಎನ್‌ಬಿ ಇವುಗಳಲ್ಲಿ ಪ್ರಸಿದ್ಧವಾದುದು. ಮನೆಯನ್ನು ಪಟ್ಟಿಗೆ ಸೇರಿಸುವವರ ಗುರುತನ್ನು ಈ ಸಂಸ್ಥೆಯು ಪರಿಶೀಲಿಸುತ್ತದೆ. ಈ ಪರಿಶೀಲನೆಯಿಂದ ಏನು ಸ್ಥಿರಪಡುತ್ತದೆ, ಏನು ಸ್ಥಿರಪಡುವುದಿಲ್ಲ ಎಂಬುದನ್ನು ವಿಚಾರಿಸದೆ, ಯಜಮಾನರು ಕೆಲಸವನ್ನು ಪಟ್ಟಣದಲ್ಲಿರುವ ಮಗನಿಗೋ ತೋಟದ ರೈಟರಿಗೋ ದಲ್ಲಾಳಿಗೋ ಒಪ್ಪಿಸಿಬಿಡುವುದರಿಂದ ತರುವಾಯ ತೊಡಕುಗಳು ಹುಟ್ಟುತ್ತವೆ.

ಪರಿಶೀಲನೆಯ ಕ್ರಮವು ಕಠಿಣವಾದುದಲ್ಲ. ಖಾತೆಯನ್ನು ತೆರೆಯುವವರು ಕಾನೂನುಬದ್ಧವಾದ ಪೂರ್ಣ ಹೆಸರು, ವಿಳಾಸ, ಜನ್ಮದಿನ, ಮೊಬೈಲ್ ಸಂಖ್ಯೆ ಇವುಗಳನ್ನು ಕೊಡಬೇಕು. ಇಷ್ಟರಿಂದ ತೃಪ್ತಿಯಾಗದಿದ್ದಲ್ಲಿ ಸರ್ಕಾರವು ಕೊಟ್ಟ ಭಾವಚಿತ್ರವುಳ್ಳ ಗುರುತಿನ ಚೀಟಿಯ ಪ್ರತಿಯನ್ನೂ, ಕೆಲವು ವೇಳೆ ಆಗಲೇ ತೆಗೆದ ಮುಖದ ಚಿತ್ರವನ್ನೂ ಕೇಳುವರು. ಈ ಪ್ರತಿಯನ್ನು ಅತಿಥಿಗಳಿಗೆ ತೋರಿಸುವುದಿಲ್ಲ. ಪರಿಶೀಲನೆ ಮುಗಿಯುವವರೆಗೆ ಹೊಸ ಅತಿಥಿಗಳನ್ನು ಒಪ್ಪಿಕೊಳ್ಳುವುದಕ್ಕೂ ಹಣದ ಪಾವತಿಗೂ ತಡೆಯುಂಟಾಗಬಹುದು.

ಮುಖ್ಯವಾಗಿ ಗಮನಿಸತಕ್ಕದ್ದು ಇದು: ಪರಿಶೀಲನೆಯು ಖಾತೆ ತೆರೆದ ವ್ಯಕ್ತಿ ಯಾರೆಂಬುದನ್ನು ನೋಡುತ್ತದೆಯೇ ಹೊರತು ಮನೆ ಯಾರದೆಂಬುದನ್ನಲ್ಲ. ರೈಟರು ತನ್ನ ಚೀಟಿಯನ್ನು ಕೊಟ್ಟು ಖಾತೆ ತೆರೆದರೆ ಸಂಸ್ಥೆಯ ಕಣ್ಣಿಗೆ ಆತನೇ ಮನೆಯವನು. ಅತಿಥಿಗಳೊಡನೆ ಕರಾರು ಆತನದು, ಹಣ ಆತನ ಬ್ಯಾಂಕ್ ಲೆಕ್ಕಕ್ಕೆ ಹೋಗುವುದು, ಅತಿಥಿಗಳು ಬರೆದ ಪ್ರಶಂಸೆಯೆಲ್ಲ ಆತನ ಖಾತೆಗೆ ಅಂಟಿಕೊಳ್ಳುವುದು. ಆತನು ಕೆಲಸ ಬಿಟ್ಟು ಹೊರಟ ದಿನ ಖಾತೆಯನ್ನು ಯಜಮಾನರ ಹೆಸರಿಗೆ ವರ್ಗಾಯಿಸುವುದಕ್ಕೆ ಸಂಸ್ಥೆಯ ನಿಬಂಧನೆಗಳಲ್ಲಿ ಅವಕಾಶವಿಲ್ಲ. ಐದಾರು ವರ್ಷ ಅಡಿಗೆ ಮಾಡಿ, ಹಾಸಿಗೆ ಹಾಸಿ ಸಂಪಾದಿಸಿದ ಹೆಸರು ಒಂದೇ ದಿನದಲ್ಲಿ ಕೈಬಿಡುವುದು. ಮಗನ ಹೆಸರಿನಲ್ಲಿ ತೆರೆದಾಗಲೂ, ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ, ಇದೇ ಬಗೆಯ ವ್ಯಾಜ್ಯವು ತಲೆಯೆತ್ತಬಹುದು. ಆದಕಾರಣ ಮನೆಯಲ್ಲಿ ವಾಸವಾಗಿದ್ದು ವ್ಯವಹಾರಕ್ಕೆ ಹೊಣೆಯಾಗುವವರ ಹೆಸರಿನಲ್ಲಿಯೇ ಖಾತೆಯನ್ನು ತೆರೆಯುವುದು ಯುಕ್ತ. ಮೊಬೈಲ್ ವ್ಯವಹಾರ ತಿಳಿಯದ ಹಿರಿಯರು ಮಕ್ಕಳನ್ನು ಸಹಾಯಕ ಆತಿಥೇಯರೆಂದು ಅದೇ ಖಾತೆಯಲ್ಲಿ ಸೇರಿಸಿಕೊಳ್ಳಬಹುದು, ಬೇಡವಾದಾಗ ತೆಗೆಯಲೂಬಹುದು.

ನಮ್ಮ ನಾಡಿನವರಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು, ಹೀಗೆ ಬರೆಯುವುದು ಇಲ್ಲಿಯ ರೂಢಿ. ಮೊದಲ ಹೆಸರು, ಕಡೆಯ ಹೆಸರು ಎಂದು ಎರಡು ಭಾಗ ಕೇಳುವ ಅನ್ಯದೇಶದ ಪತ್ರಿಕೆಗೆ ಈ ರೂಢಿ ಒಗ್ಗುವುದಿಲ್ಲ. ಪ್ಯಾನ್ ಅರ್ಜಿಯಲ್ಲಿ ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕೆಂದಿದ್ದುದರಿಂದ ಅದರಲ್ಲಿ ಊರಿನ ಹೆಸರೇ ಮನೆತನದ ಹೆಸರಾಗಿ ನಿಂತಿರುವುದುಂಟು. ಆಧಾರ್ ಚೀಟಿಯಲ್ಲಿ ಬರಿಯ ಮೊದಲಕ್ಷರ. ಬ್ಯಾಂಕಿನ ಪುಸ್ತಕದಲ್ಲಿ ಅದೂ ಇಲ್ಲ. ‘ಗೌಡ’ ಎಂಬುದು ಒಂದೆಡೆ ಹೆಸರಿಗೆ ಸೇರಿಕೊಂಡು, ಮತ್ತೊಂದೆಡೆ ಬಿಡಿಯಾಗಿ ಇರುತ್ತದೆ. ಹಿರಿಯರ ಜನ್ಮದಿನವಂತೂ ಒಂದರಲ್ಲಿ ಜನವರಿ 1 ಎಂದಿದ್ದು ಮತ್ತೊಂದರಲ್ಲಿ ಬೇರೆಯಾಗಿರುತ್ತದೆ. ಮನುಷ್ಯನು ನೋಡಿದರೆ ಒಬ್ಬನೇ ಎಂದು ತಿಳಿಯುವುದು. ಯಂತ್ರವು ಅಕ್ಷರವನ್ನು ಮಾತ್ರ ನೋಡುತ್ತದೆ. ಖಾತೆ ತೆರೆಯುವ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಈ ಮೂರನ್ನೂ ಎದುರಿಗಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುವುದು ಅವಶ್ಯಕ. ಆಧಾರಿನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನವನ್ನು ಒಂದು ಸಲ ಮಾತ್ರ ತಿದ್ದಿಸಲು ಸಾಮಾನ್ಯವಾಗಿ ಅವಕಾಶವಿರುವುದರಿಂದ, ಯಾವ ರೂಪವನ್ನು ಉಳಿಸಿಕೊಳ್ಳಬೇಕೆಂಬುದನ್ನು ನಿಶ್ಚಯಿಸಿಕೊಂಡ ಮೇಲೆ ತಿದ್ದುಪಡಿಗೆ ಹೋಗತಕ್ಕದ್ದು.

ಪಹಣಿಯ ವಿಷಯ ಬೇರೆ. ಅಜ್ಜನ ಹೆಸರಿನಲ್ಲಿಯೇ ಉಳಿದ, ಪೌತಿ ಖಾತೆಯಾಗದ ಜಮೀನುಗಳು ಎಲ್ಲ ಹೋಬಳಿಗಳಲ್ಲಿಯೂ ಇವೆ. ಕೊಡಗಿನ ಜಮ್ಮಾ ಭೂಮಿಯಲ್ಲಿ ಪಟ್ಟೇದಾರನ ಹೆಸರಿದ್ದು, ಮನೆಯಲ್ಲಿ ವಾಸಿಸುವವರು ಆ ಒಕ್ಕದ ಬೇರೆ ಕುಟುಂಬದವರಾಗಿರಬಹುದು. ಗುರುತು ಪರಿಶೀಲನೆಯು ಇದನ್ನು ವಿಚಾರಿಸುವುದಿಲ್ಲವಾದ್ದರಿಂದ ಅದು ಮುಗಿಯಿತೆಂದು ಹಕ್ಕು ಸ್ಥಿರಪಟ್ಟಿತೆಂದಾಗಲಿ, ಸರ್ಕಾರದ ಅನುಮತಿ ದೊರೆಯಿತೆಂದಾಗಲಿ ಭಾವಿಸಲಾಗದು. ಯೂರೋಪಿನ ಒಕ್ಕೂಟದಲ್ಲಿ 2023ರ ಜನವರಿ 1ರಿಂದ ಇಂಥ ಸಂಸ್ಥೆಗಳು ಮನೆಯವರ ಹೆಸರು, ತೆರಿಗೆ ಸಂಖ್ಯೆಗಳ ಜೊತೆಗೆ, ಇದ್ದಲ್ಲಿ ಭೂದಾಖಲೆಯ ಸಂಖ್ಯೆಯನ್ನೂ ಪಡೆಯಬೇಕಾಯಿತು. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ನಗರಾಡಳಿತದ ನೋಂದಣಿಯಿಲ್ಲದ ಮನೆಗೆ ಸಂಸ್ಥೆಗಳು ಅಲ್ಪಾವಧಿಯ ಅತಿಥಿಗಳನ್ನು ಗೊತ್ತುಮಾಡಿಕೊಡುವಂತಿಲ್ಲ. ನಮ್ಮಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿಯನ್ನು ಮನೆಯವರೇ ಬೇರೆಯಾಗಿ ಮಾಡಿಸಬೇಕು. ಮನೆಯವರು ಅಲ್ಲಿಯೇ ವಾಸವಾಗಿರಬೇಕೆಂಬುದು ಹೋಂಸ್ಟೇಯ ಮೂಲ ನಿಯಮ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆಗಳಿಗೆ ಎಡೆಯುಂಟು. ವಿದೇಶೀಯರು ತಂಗಿದಲ್ಲಿ 24 ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆಯೂ ಮನೆಯವರದೇ.

ತೆರಿಗೆಯ ದೃಷ್ಟಿಯಿಂದಲೂ ಯಾರ ಗುರುತು ಎಂಬುದು ಮುಖ್ಯ. 2020ರ ಅಕ್ಟೋಬರ್ 1ರಿಂದ ಅಂತರ್ಜಾಲ ವ್ಯಾಪಾರ ಸಂಸ್ಥೆಗಳು ಕೊಡುವ ಹಣದಲ್ಲಿ ಆದಾಯ ತೆರಿಗೆಯನ್ನು ಮೊದಲೇ ಹಿಡಿಯತೊಡಗಿದವು. 2024ರ ಅಕ್ಟೋಬರ್ 1ರಿಂದ ಇದು ಶೇಕಡ 1ರಿಂದ 0.1ಕ್ಕೆ ಇಳಿಯಿತು. ವರ್ಷಕ್ಕೆ 5 ಲಕ್ಷ ರೂಪಾಯಿ ಮೀರದೆ, ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೂ ಅವಿಭಕ್ತ ಹಿಂದೂ ಕುಟುಂಬಕ್ಕೂ ಕಡಿತವಿಲ್ಲ. ಎರಡನ್ನೂ ಕೊಡದವರಿಗೆ ಶೇಕಡ 5, ಎಂದರೆ ಲಕ್ಷಕ್ಕೆ 100 ರೂಪಾಯಿ ಹೋಗುವಲ್ಲಿ 5,000 ರೂಪಾಯಿ ಹೋಗುವುದು. ತೋಟದ ನಡುವಿನ ಮನೆಯಾದರೂ ಪ್ರವಾಸಿಗಳ ಬಾಡಿಗೆಯು ಕೃಷಿ ವರಮಾನವಲ್ಲವೆಂಬುದನ್ನು ಜಮೀನುದಾರರು ಮರೆಯಬಾರದು.

ಚೀಟಿಗಳನ್ನು ಕೊಡುವಾಗಿನ ಎಚ್ಚರಿಕೆಯೂ ಉಂಟು. ದಲ್ಲಾಳಿಗೆ ವಾಟ್ಸಾಪಿನಲ್ಲಿ ಕಳುಹಿಸಿದ ಆಧಾರ್ ಪ್ರತಿ ಮುಂದೆ ಎಲ್ಲಿಗೆ ಹೋಗುವುದೆಂದು ಹೇಳಬರುವುದಿಲ್ಲ. ಪ್ರತಿಯನ್ನು ಸಂಸ್ಥೆಯ ಖಾತೆಯೊಳಗೇ, ಸ್ವಂತ ಮೊಬೈಲಿನಿಂದಲೇ ಸಲ್ಲಿಸಬೇಕು. ಉಳಿದ ಕಡೆಗಳಿಗೆ, ಒಪ್ಪುವಲ್ಲಿ, 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಕೊಟ್ಟರೆ ಸಾಕು. ಪರಿಶೀಲನೆಯ ನೆಪದಿಂದ ಫೋನು ಮಾಡಿ ಓಟಿಪಿ ಕೇಳುವವರಿಗೆ ಅದನ್ನು ಹೇಳಲೇಕೂಡದು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.