ಫೋನಿಗೆ ತಂಬ್ ಮಶೀನು ಸಿಕ್ಕಿಸುವ ಗೇಣುದ್ದದ ವೈರು

ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಪಿಂಚಣಿ ದುಡ್ಡಿಗಾಗಿ ಪ್ರತಿ ಸಲ ಬ್ಯಾಂಕಿಗೇ ಹೋಗಬೇಕೆಂದಿಲ್ಲ. ಬ್ಯಾಂಕ್ ಮಿತ್ರರು ಫೋನಿಗೆ ತಂಬ್ ಮಶೀನು ಸಿಕ್ಕಿಸುತ್ತಾರೆ, ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ, ಹಣ ಕೈಗೆ ಬರುತ್ತದೆ. ಮಶೀನಿನ ದೀಪ ಹೊತ್ತದಿದ್ದರೆ ಅಜ್ಜಿ ಬರಿಗೈಲಿ ಏಳಬೇಕು. ಎಷ್ಟೋ ಸಲ ಕೆಟ್ಟಿರುವುದು ಮಶೀನಲ್ಲ, ನಡುವಿನ ಒಟಿಜಿ ವೈರು.

ಫೋನನ್ನು ಕಂಪ್ಯೂಟರಿಗೆ ಜೋಡಿಸಿದಾಗ ಕಂಪ್ಯೂಟರೇ ಯಜಮಾನ. ಕರೆಂಟು ಕೊಡುವುದೂ ಅದೇ. ತಂಬ್ ಮಶೀನು, ಕೀಬೋರ್ಡು, ಪೆನ್‌ಡ್ರೈವ್ ಜೋಡಿಸಿದಾಗ ಆ ಯಜಮಾನಿಕೆ ಫೋನಿಗೆ ಬರಬೇಕು. ಇದಕ್ಕೆ ಬೇಕಾದ ಒಟಿಜಿ ನಿಯಮಗಳು 2001ರಲ್ಲಿ ಬಂದವು. ಹಳ್ಳಿಯವರ ಕೈಗೂ ಕಂಪ್ಯೂಟರು ಎಟುಕಲಿ ಎಂದು ಬೆಂಗಳೂರಿನಲ್ಲಿ ಸಿಂಪ್ಯೂಟರ್ ಪ್ರದರ್ಶಿಸಿದ್ದೂ ಅದೇ ವರ್ಷ.

ಯಜಮಾನಿಕೆ ತನ್ನದೆಂದು ಫೋನಿಗೆ ತಿಳಿಯುವ ಬಗೆ ಬಲು ಸೊಗಸು. ಹಳೆಯ ಮೈಕ್ರೋ ಯುಎಸ್‌ಬಿಯಲ್ಲಿ 5 ಪಿನ್ನುಗಳಿವೆ: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಉಳಿದೊಂದು ಚಾರ್ಜಿಂಗ್ ವೈರಿನಲ್ಲಿ ಎಲ್ಲಿಗೂ ಸೇರದೆ ಖಾಲಿ ಇರುತ್ತದೆ. ಒಟಿಜಿ ವೈರಿನಲ್ಲಿ ಅದನ್ನು ಗ್ರೌಂಡಿಗೆ ಬೆಸೆದಿರುತ್ತಾರೆ. ಆ ಪಿನ್ನು ಗ್ರೌಂಡ್ ಮುಟ್ಟಿದ್ದೇ ಫೋನು ಪಾತ್ರ ಬದಲಿಸುತ್ತದೆ. ಟೈಪ್-ಸಿಯಲ್ಲಿ ಇದೇ ಸುಳಿವನ್ನು 5.1 ಕಿಲೋ ಓಮ್‌ನ ಪುಟ್ಟ ರೆಸಿಸ್ಟರ್ ಕೊಡುತ್ತದೆ. ಹೀಗಾಗಿ ವೈರಿನ ಬಾಯಿ ಹೊಂದಿದರಷ್ಟೇ ಸಾಲದು.

ಕೊಪ್ಪಳದ ಅಂಗಡಿಯಲ್ಲಿ ಒಟಿಜಿ ಕೊಳ್ಳುವಾಗ ಅಲ್ಲೇ ಒಂದು ಮೌಸ್ ಸಿಕ್ಕಿಸಿ ನೋಡಿ. ಪರದೆಯ ಮೇಲೆ ಬಾಣ ಮೂಡಿದರೆ ವೈರೂ ಸರಿ, ಫೋನೂ ಸರಿ. ಮನೆಗೆ ಬಂದ ಮೇಲೆ ಮಶೀನು ನಡೆಯದಿದ್ದರೆ, ಬೆರಳಚ್ಚನ್ನು ಆಧಾರ್ ಜೊತೆ ತಾಳೆ ನೋಡಲು ಬೇಕಾದ ಅದರ ಆರ್‌ಡಿ ಸರ್ವಿಸ್ ಆ್ಯಪ್ ಹಾಕಿದೆಯೇ, ಫೋನು ಕೇಳಿದ ಅನುಮತಿ ಕೊಟ್ಟಿದ್ದೀರಾ ನೋಡಿ. ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ ಆನ್ ಮಾಡಬೇಕು. ಸುಮಾರು 10 ನಿಮಿಷ ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಸರದಿಯಲ್ಲಿ ಜನ ನಿಂತಿರುವಾಗ ಬ್ಯಾಂಕ್ ಮಿತ್ರರನ್ನು ಗಾಬರಿಗೊಳಿಸುವುದು ಇದೇ.

ಮೌಸು, ಕೀಬೋರ್ಡು, ತಂಬ್ ಮಶೀನಿಗೆ ಫೋನಿನ ಕರೆಂಟು ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ ಸಾಲದೆ ಹೋಗಬಹುದು, ಪ್ರತ್ಯೇಕ ಕರೆಂಟಿರುವ ಹಬ್ ಬೇಕು. ಪೆನ್‌ಡ್ರೈವ್ ಕೀಳುವ ಮುನ್ನ ‘ಇಜೆಕ್ಟ್’ ಒತ್ತಿ.

ವೈರು, ಮಶೀನು ಎರಡೂ ಸರಿಯಿದ್ದು ಹೆಬ್ಬೆಟ್ಟೇ ಹೊಂದದಿರುವುದೂ ಉಂಟು. ಗಂಗಾವತಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದ ಕೈಯ ಗೆರೆ ಸವೆದಿರುತ್ತದೆ. ಮಶೀನಿನ ಗಾಜು ಒರೆಸಿ, ಬೆರಳನ್ನೂ ಒಣಬಟ್ಟೆಯಲ್ಲಿ ಒರೆಸಿ, ಇನ್ನೊಂದು ಬೆರಳು ಇಡಿಸಿ. ಆಧಾರ್‌ಗೆ ಹತ್ತೂ ಬೆರಳು ತೆಗೆದುಕೊಂಡಿರುತ್ತಾರೆ.