ಅರವತ್ತು ನಾಟ್ ಗಾಳಿಯಲ್ಲಿ ತಾರಿಣಿ

ನಮ್ಮ ಕಡೆ ಸಮುದ್ರವಿಲ್ಲ. ರಾಯದುರ್ಗದಿಂದ ಹೋಗಲಿ, ಮಡಕಶಿರಾದಿಂದ ಹೋಗಲಿ, ಉಪ್ಪುನೀರು ನೋಡಬೇಕಾದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೆ ಗಾಳಿಗೇನೂ ಬರವಿಲ್ಲ. ಆಷಾಢ ಬಂತೆಂದರೆ ಬೊಮ್ಮನಹಾಳ್, ಕಣೇಕಲ್ ಕಡೆ ಹಗರಿಯ ಮರಳು ಎದ್ದು ಹೊಲಗಳ ಮೇಲೆ ಬಂದು ಕೂರುತ್ತೆ. ಅದು ಅರಬ್ಬೀ ಸಮುದ್ರದ ಮೇಲಿಂದಲೇ ಬರುವ ನೈಋತ್ಯ ಮಾನ್ಸೂನ್ ಗಾಳಿ. ಹಿಂದಿನ ಕಾಲದಲ್ಲಿ ಹಾಯಿಹಡಗುಗಳನ್ನು ಆಫ್ರಿಕಾದಿಂದ ನಮ್ಮ ತೀರಕ್ಕೆ ತಳ್ಳಿ ತಂದದ್ದೂ ಇದೇ ಗಾಳಿ.

2017ರ ಸೆಪ್ಟೆಂಬರ್ 10ರಂದು ಗೋವಾದಿಂದ ‘ತಾರಿಣಿ’ ಎಂಬ ಹಾಯಿದೋಣಿ ಹೊರಟಿತು. ಉದ್ದ ಸುಮಾರು 17 ಮೀಟರ್, ಅಂದರೆ ಎರಡು ಮೂರು ತರಗತಿ ಕೋಣೆಗಳಷ್ಟು. ಅದರಲ್ಲಿ ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು: ನಾಯಕಿ ವರ್ತಿಕಾ ಜೋಶಿ, ಪ್ರತಿಭಾ ಜಾಮ್ವಾಲ್, ಸ್ವಾತಿ, ಐಶ್ವರ್ಯ ಬೊಡ್ಡಪಾಟಿ, ವಿಜಯಾ ದೇವಿ, ಪಾಯಲ್ ಗುಪ್ತಾ. ಇವರಲ್ಲಿ ಸ್ವಾತಿ ನಮ್ಮ ರಾಜ್ಯದ ವಿಶಾಖಪಟ್ಟಣದವರು. ಗಾಳಿಯ ಬಲದಿಂದಲೇ ಭೂಮಿಯನ್ನು ಒಂದು ಸುತ್ತು ಹಾಕಿ ಬರಬೇಕು ಅನ್ನೋದು ಗುರಿ.

ಇಡೀ ಯಾತ್ರೆಯಲ್ಲಿ ಕಷ್ಟದ ಭಾಗ ಯಾವುದು ಅಂದರೆ, ನ್ಯೂಜಿಲೆಂಡಿನ ಲಿಟಲ್‌ಟನ್ ಬಂದರಿನಿಂದ ಫಾಕ್‌ಲ್ಯಾಂಡ್ ದ್ವೀಪಗಳವರೆಗಿನ ದಾರಿ. ದ್ವೀಪದಿಂದ ದ್ವೀಪಕ್ಕೆ ಸುಮಾರು 40 ದಿನ, ನಡುವೆ ಬರೀ ನೀರು. ಪೆಸಿಫಿಕ್ ಸಾಗರದಲ್ಲಿ ಗಾಳಿಯ ವೇಗ 60 ನಾಟ್ ದಾಟಿತು. ಗಂಟೆಗೆ 110 ಕಿಲೋಮೀಟರಿಗೂ ಹೆಚ್ಚು! ಅಲೆಗಳು ಎರಡಂತಸ್ತಿನ ಮನೆಯಷ್ಟು ಎತ್ತರ. ಹಗಲೂ ರಾತ್ರಿ ಸರದಿಯ ಮೇಲೆ ಯಾರಾದರೊಬ್ಬರು ಚುಕ್ಕಾಣಿಯ ಕಡೆ ನಿಗಾ ಇಟ್ಟಿರಲೇಬೇಕು. ಆ ತಣ್ಣೀರಿಗೆ ಬಿದ್ದವರು ಬದುಕುವುದು ನಿಮಿಷಗಳ ಲೆಕ್ಕ. ಹಾಗಾಗಿ ಇಂಥ ಸಮುದ್ರದಲ್ಲಿ ಮೈಗೆ ಪಟ್ಟಿ ಹಾಕಿ ದೋಣಿಗೆ ಕಟ್ಟಿಕೊಂಡೇ ಕೆಲಸ ಮಾಡ್ತಾರೆ.

ಅಲ್ಲೇ ಯಾಕೆ ಅಷ್ಟು ಗಾಳಿ? ಗ್ಲೋಬ್ ತಿರುಗಿಸಿ, ದಕ್ಷಿಣ ಅಕ್ಷಾಂಶ 40ರಿಂದ 60ರ ನಡುವೆ ಬೆರಳಿಡಿ. ಪಶ್ಚಿಮದಿಂದ ಬೀಸುವ ಗಾಳಿಯನ್ನು ತಡೆಯುವ ನೆಲವೇ ಹೆಚ್ಚೂಕಡಿಮೆ ಇಲ್ಲ. ಗಾಳಿ ಓಡಿದಷ್ಟೂ ದೂರ ಅಲೆ ಬೆಳೆಯುತ್ತೆ. ಕಣೇಕಲ್ ಕೆರೆಯಲ್ಲೇ ನೋಡಿ, ಗಾಳಿ ಬರುವ ದಡದಲ್ಲಿ ನೀರು ಸುಮ್ಮನಿರುತ್ತೆ, ಎದುರು ದಡದಲ್ಲಿ ಅಲೆ ಬಡಿಯುತ್ತೆ. ಅಲ್ಲಂತೂ ಸಾವಿರಾರು ಕಿಲೋಮೀಟರ್ ಉದ್ದದ ‘ಕೆರೆ’.

ಇನ್ನೊಂದು ಲೆಕ್ಕ. ಗಾಳಿಯ ವೇಗ ಮೂರು ಪಟ್ಟಾದರೆ ಹಾಯಿಯ ಮೇಲಿನ ಬಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. 20 ನಾಟ್‌ಗೆ ಸರಿಯಾಗಿದ್ದ ಹಾಯಿಯನ್ನು 60 ನಾಟ್‌ನಲ್ಲಿ ಹಾಗೇ ಬಿಟ್ಟರೆ ಬಟ್ಟೆ ಹರಿಯುತ್ತೆ, ಇಲ್ಲ ಕೂವೆಮರ ಮುರಿಯುತ್ತೆ. ಅದಕ್ಕೇ ಬಿರುಗಾಳಿಯಲ್ಲಿ ಹಾಯಿಯನ್ನು ಮಡಚಿ ಚಿಕ್ಕದು ಮಾಡೋದು. ದೋಣಿ ಪಕ್ಕಕ್ಕೆ ವಾಲಿದರೂ ಮತ್ತೆ ಏಳೋದು ತಳದಲ್ಲಿರುವ ಭಾರವಾದ ಕೀಲ್‌ನಿಂದ. ತಳ್ಳಿದರೂ ಬೀಳದ ತಂಜಾವೂರು ಗೊಂಬೆಯ ಹಾಗೆ.

ಗಾಳಿ ಎದುರಿಗೆ ಬಂದರೆ ಏನು ಗತಿ ಅಂತ ತರಗತಿಯಲ್ಲಿ ಯಾರಾದರೂ ಕೇಳೇ ಕೇಳ್ತೀರಿ. ನೀರಲ್ಲಿ ನೆನೆದ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿ. ಒತ್ತಿದ್ದು ಪಕ್ಕದಿಂದ, ಹಾರಿದ್ದು ಮುಂದಕ್ಕೆ! ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ಕೀಲ್ ಅನ್ನು ಪಕ್ಕಕ್ಕೆ ಸರಿಯಲು ಬಿಡದ ನೀರು. ನಡುವೆ ಸಿಕ್ಕ ದೋಣಿ ಮುಂದಕ್ಕೆ ಜಾರುತ್ತೆ. ನೇರ ಎದುರಿಗೆ ಮಾತ್ರ ಆಗದು. ಘಾಟಿ ರಸ್ತೆಯ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ಓರೆಯಾಗಿ ಹೋಗಬೇಕು.

2018ರ ಜನವರಿಯಲ್ಲಿ ತಾರಿಣಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿತು. ಅಷ್ಟೆಲ್ಲ ತಡೆದುಕೊಂಡ ದೋಣಿಗೆ ತೊಂದರೆಯಾದದ್ದು ಮನೆ ಹತ್ತಿರ ಬಂದಾಗ. ಕೇಪ್‌ಟೌನ್ ಬಿಟ್ಟ ಮೇಲೆ ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿಯ ಯಂತ್ರಾಂಗ ಕೆಟ್ಟಿತು. ಯೋಜನೆಯಲ್ಲಿಲ್ಲದ ಮಾರಿಷಸ್‌ಗೆ ಹೋಗಿ ರಿಪೇರಿ ಮಾಡಿಸಿಕೊಂಡು, ಮೇ 21ರಂದು ಗೋವಾ ಸೇರಿದರು. ಒಟ್ಟು 254 ದಿನ, ಅದರಲ್ಲಿ 199 ದಿನ ಸಮುದ್ರದ ಮೇಲೆ.

ಸಾಗಿದ ದೂರ ಸುಮಾರು 21,600 ನಾಟಿಕಲ್ ಮೈಲಿ. ಈ ಸಂಖ್ಯೆಯನ್ನು ಸ್ವಲ್ಪ ಗಮನಿಸಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಭೂಮಧ್ಯದಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನಕ್ಕೆ ಮೇಲ್ಮೈಯಲ್ಲಿ ಸಿಗುವ ದೂರ. ವೃತ್ತಕ್ಕೆ 360 ಡಿಗ್ರಿ. ಈಗ 360ನ್ನು 60ರಿಂದ ಗುಣಿಸಿ.